ಒಳಮಡಿಕೆಯ ಕುಂಕುಮ

ಪುಟ್ಟಲಿಂಗಮ್ಮನವರ ಬೆರಳುಗಳನ್ನು ಮೊದಲ ಸಲ ನೋಡಿದವರು ಒಲೆಯಲ್ಲಿ ಸುಟ್ಟುಕೊಂಡಿರಬೇಕು ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಕುಂಬಾರಕೊಪ್ಪಲಿನ ನಮ್ಮ ಮಾರಮ್ಮನ ಗುಡಿಯ ಜಗಲಿಯಲ್ಲಿ ಮಂಗಳವಾರದ ಪೂಜೆಗೆ ನಾಲ್ಕಾರು ಹೆಂಗಸರು ಕೂತು ಹೂ ಕಟ್ಟುತ್ತೇವೆ. ಅವರು ಕನಕಾಂಬರಕ್ಕೆ ಕೈ ಹಾಕಿದಾಗ ಉಗುರಿನ ಸುತ್ತ, ಬೆರಳಿನ ಗೆಣ್ಣುಗಳ ಸಂದಿಯಲ್ಲಿ ಕಪ್ಪು ಕೂತಿರುವುದು ಕಾಣಿಸಿತು. ನಾನು ನೋಡಿದ್ದನ್ನು ಅವರೂ ನೋಡಿದರು.

“ಸುಟ್ಟಿದ್ದಲ್ಲ ಕಣಮ್ಮ. ಶಾಯಿ. ಓಟಿನ ಶಾಯಿ,” ಎಂದರು. “ನಿಮಗೆ ಐದು ವರ್ಷಕ್ಕೊಂದ್ಸಲ ಹಾಕ್ತಾರೆ. ನಮಗೆ ದಿನಾ.”

ಮೈಸೂರಿನ ಓಟಿನ ಶಾಯಿ ಎಂದರೆ ಎಲ್ಲರಿಗೂ ನೆನಪಾಗುವುದು ಸರ್ಕಾರದ ಹಳೆಯ ಕಾರ್ಖಾನೆ. ಪುಟ್ಟಲಿಂಗಮ್ಮ ಕೆಲಸ ಮಾಡುತ್ತಿದ್ದದ್ದು ಅಲ್ಲಲ್ಲ. ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಸಿದ್ದಲಿಂಗಸ್ವಾಮಿ ಎಂಬುವರ ಒಂದು ಶೆಡ್ಡು ಇದೆ. ಸ್ಟಾಂಪ್ ಪ್ಯಾಡಿನ ಶಾಯಿ, ಬೋರ್ಡಿನ ಮೇಲೆ ಬರೆಯುವ ಮಾರ್ಕರಿನ ಶಾಯಿ ಅಲ್ಲಿ ಆಗುತ್ತಿತ್ತು. ಆಮೇಲೆ ಹೊರದೇಶದ ಸಣ್ಣಪುಟ್ಟ ಚುನಾವಣೆಗಳಿಗೆ ಬೆರಳಿಗೆ ಹಾಕುವ ಶಾಯಿಯನ್ನೂ ಶುರು ಮಾಡಿದರು. ಕಂದು ಗಾಜಿನ ಪುಟ್ಟ ಬಾಟಲಿಗಳಿಗೆ ಅದನ್ನು ತುಂಬಿ, ಬಿರಡೆ ಹಾಕಿ, ಚೀಟಿ ಅಂಟಿಸಿ, ಪೆಟ್ಟಿಗೆಗೆ ಜೋಡಿಸುವುದು ಹೆಂಗಸರ ಕೆಲಸ. ಕೈಗವಸು ಕೊಡುತ್ತಾರೆ. ಅದು ಮಧ್ಯಾಹ್ನದ ಹೊತ್ತಿಗೆ ಬೆರಳ ತುದಿಯಲ್ಲಿ ಹರಿದಿರುತ್ತದೆ. ಹಾಕುವಾಗ ನೇರಳೆ ಬಣ್ಣ, ಬಿಸಿಲು ತಾಗಿದರೆ ಕಪ್ಪು.

ಒಂದು ಚುನಾವಣೆಯಲ್ಲಿ ಅವರು ಓಟು ಹಾಕಲು ಹೋದಾಗ ನಡೆದದ್ದನ್ನು ನಮ್ಮ ಕೊಪ್ಪಲಿನಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಮತಗಟ್ಟೆಯಲ್ಲಿ ಶಾಯಿ ಹಾಕುವ ಹುಡುಗ ಇವರ ಎಡಗೈ ಹಿಡಿದು, “ಏನಮ್ಮ, ಆಗ್ಲೇ ಹಾಕಿದ್ದೀರಲ್ಲ,” ಎಂದನಂತೆ.

“ಇಲ್ಲ ಸ್ವಾಮಿ, ಇನ್ನೂ ಹಾಕಿಲ್ಲ.”

“ಹತ್ತು ಬೆರಳಲ್ಲೂ ಇದೆಯಲ್ಲಮ್ಮ. ಒಂದು ಕ್ಷೇತ್ರದಲ್ಲಿ ಹಾಕಿದ್ದಲ್ಲ ಇದು.”

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಊರಿನ ಹಿರಿಯರೊಬ್ಬರು ಬಂದು ಸಾಕ್ಷಿ ಹೇಳಿದ ಮೇಲೆ ಆ ಹುಡುಗ ಕಿರುಬೆರಳ ಬುಡದಲ್ಲಿ ಶುಭ್ರವಾದ ಜಾಗ ಹುಡುಕಿ ಒಂದು ಗೆರೆ ಎಳೆದನಂತೆ. ಹೇಳುವಾಗ ಪುಟ್ಟಲಿಂಗಮ್ಮನವರೂ ನಗುತ್ತಾರೆ. ನಗು ಮುಗಿದ ಮೇಲೆ, “ಅವತ್ತು ವಾಪಸ್ ಕಳಿಸಿದ್ರೆ ಯಾರ್ ಕೇಳ್ತಿದ್ರು ಬುಡಿ,” ಎನ್ನುತ್ತಾರೆ.

ಅವರು ವರುಣಾ ಕಡೆಯ ಹಳ್ಳಿಯವರು. ಮದುವೆಯಾಗಿ ಬಂದದ್ದು ಮನೆಗಳಿಗೆ ಬಣ್ಣ ಬಳಿಯುವ ಮಹದೇವಣ್ಣನ ಮನೆಗೆ. ಮಹದೇವಣ್ಣ ಸಾರುವೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ ಇವರು ಶಾಯಿಯ ಶೆಡ್ಡಿಗೆ ಸೇರಿದರು. ಮಕ್ಕಳಿಲ್ಲ. ಎಷ್ಟೋ ವರ್ಷ ದುಡಿದರೂ ಅವರು ದಿನಗೂಲಿಯೇ. ಕೆಲಸ ಕಾಯಂ ಆದರೆ ಇಎಸ್‌ಐ ಕಾರ್ಡು ಸಿಗುತ್ತದೆ, ಗಂಡನ ಸೊಂಟದ ಆಪರೇಷನ್ ಮಾಡಿಸಬಹುದು. ಅವರ ಬದುಕಿನ ಆಸೆ ಇದೊಂದೇ ಆಗಿತ್ತು. ಮಹದೇವಣ್ಣ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಬರುವುದನ್ನು ನೋಡಿದವರಿಗೆ ಆ ಆಸೆ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಯಾವ ಆರ್ಡರೇ ಆಗಲಿ, ಮೊದಲ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು, ಒಂದು ಹೂ ಇಟ್ಟು, ಆಮೇಲೆ ಲಾರಿಗೆ ಹತ್ತಿಸಬೇಕು. ಕಲಿಸಿದವರು ಸಿದ್ದಲಿಂಗಸ್ವಾಮಿಯವರೇ. ಹಣೆಯ ತುಂಬ ವಿಭೂತಿ ಧರಿಸದೆ ಶೆಡ್ಡಿನ ಬೀಗ ತೆಗೆಯದ ಮನುಷ್ಯ ಅವರು. ಹೆಂಗಸರಲ್ಲಿ ಹಿರಿಯರೆಂದು ಕುಂಕುಮ ಇಡುವ ಕೆಲಸ ಪುಟ್ಟಲಿಂಗಮ್ಮನವರಿಗೆ ಬಂದಿತ್ತು. ಅವರು ಸುಮ್ಮನೆ ಇಡುತ್ತಿರಲಿಲ್ಲ. ಪೆಟ್ಟಿಗೆ ಯಾವ ಊರಿಗೆ ಹೋಗುತ್ತದೋ ಆ ಊರಿನ ಹೆಸರು ಕೇಳಿ ತಿಳಿದುಕೊಂಡು, ಗೋಡೆಯ ಮೇಲಿದ್ದ ಚಾಮುಂಡಿಯ ಪಟದ ಕಡೆ ತಿರುಗಿ, “ತಾಯಿ, ಇದು ದಾವಣಗೆರೆಗೆ ಹೋಯ್ತದೆ. ಆ ಜನಕ್ಕೆ ಒಳ್ಳೇದು ಮಾಡು,” ಎಂದು ಹೇಳಿಯೇ ಬೊಟ್ಟು ಇಡುತ್ತಿದ್ದರು.

ಪಕ್ಕದಲ್ಲಿ ಬಿರಡೆ ಹಾಕುವ ಚಾಮುಂಡೇಶ್ವರಿಗೆ ನಾಲಗೆ ಚುರುಕು. “ಅಕ್ಕ, ಅದು ಬ್ಯಾಂಕಿಗೆ ಹೋಗೋ ಸ್ಟಾಂಪ್ ಶಾಯಿ. ನೀನು ಜಾಸ್ತಿ ಬೇಡ್ಕೊಂಡ್ರೆ ನಮ್ ಸಾಲದ ಕಾಗದದ ಮೇಲೂ ಚೆನ್ನಾಗಿ ಬೀಳ್ತದೆ ಸ್ಟಾಂಪು,” ಎಂದು ಛೇಡಿಸುತ್ತಿದ್ದಳಂತೆ.

ಹೀಗಿರುವಾಗ ಆ ದೊಡ್ಡ ಆರ್ಡರು ಬಂತು. ಆಫ್ರಿಕಾದ ಒಂದು ಹೊಸ ದೇಶ, ಸ್ವತಂತ್ರವಾದ ಮೇಲೆ ಅಲ್ಲಿ ನಡೆಯುವ ಮೊದಲ ಚುನಾವಣೆ. ದೇಶದ ಹೆಸರನ್ನು ಬರೆಯಬೇಕೆಂದು ನನಗೆ ಬಹಳ ಆಸೆ. ಆದರೆ ಬರೆದರೆ ತೊಂದರೆಯಾಗುವ ಒಬ್ಬರಿದ್ದಾರೆ, ಅವರು ಬೇಡವೆಂದು ಕೈಮುಗಿದಿದ್ದಾರೆ. ಸಿದ್ದಲಿಂಗಸ್ವಾಮಿಯವರು ಹೆಂಗಸರನ್ನೆಲ್ಲ ಕರೆದು, ಈ ಕೆಲಸ ಸರಿಯಾಗಿ ಮುಗಿದರೆ ಶೆಡ್ಡು ಎಕ್ಸ್‌ಪೋರ್ಟ್ ಕಾರ್ಖಾನೆಯಾಗುತ್ತದೆ, ನಿಮ್ಮನ್ನು ಕಾಯಂ ಮಾಡುತ್ತೇನೆ, ಮೊದಲ ಹೆಸರು ಪುಟ್ಟಲಿಂಗಮ್ಮನವರದು ಎಂದರು. ಮಾತಿಗೆ ತಪ್ಪುವ ಜನ ಅವರಲ್ಲ. ಆ ಶುಕ್ರವಾರವೇ ಪುಟ್ಟಲಿಂಗಮ್ಮ ಬೆಟ್ಟದ ಪಾದಕ್ಕೆ ಹೋಗಿ, ಕೆಲಸ ಕಾಯಂ ಆದರೆ ಬೆಟ್ಟದ ಅಷ್ಟೂ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತೇನೆ ಎಂದು ಹರಕೆ ಹೊತ್ತು ಬಂದರು.

ಬಾಟಲಿಯ ಚೀಟಿಯಲ್ಲಿ ಆ ದೇಶದ ಭಾಷೆಯಲ್ಲಿ ನಾಲ್ಕು ಸಾಲು ಅಚ್ಚಾಗಬೇಕಿತ್ತು. ಅದನ್ನು ತಿದ್ದಲು ಒಬ್ಬರು ಬೇಕೆಂದು ವಿಚಾರಿಸಿದಾಗ ಸಿಕ್ಕಿದವರು ಎಮಾನುಯೆಲ್. ಅದೇ ದೇಶದವರು, ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದರು. ಜಯಲಕ್ಷ್ಮೀಪುರಂನಲ್ಲಿ ಒಂದು ಮಹಡಿ ಮೇಲಿನ ಕೋಣೆಯಲ್ಲಿದ್ದರು. ಊರಿನಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮೆಸ್ಸಿನಲ್ಲಿ, ಆಟೋದಲ್ಲಿ ಕಲಿತ ಕನ್ನಡವನ್ನು ನಿಧಾನವಾಗಿ, ಒಂದೊಂದೇ ಮಾತು ಇಟ್ಟು ಆಡುತ್ತಿದ್ದರು. ಅವರ ಹೆಸರು ಹೆಂಗಸರ ಬಾಯಿಗೆ ಸಿಗದೆ ಎರಡೇ ದಿನದಲ್ಲಿ ಇಮ್ಮಣ್ಣ ಆಯಿತು.

“ನಿಮ್ ದೇಶಕ್ಕೆ ಸ್ವಾತಂತ್ರ್ಯ ಬಂದು ಎಷ್ಟು ವರ್ಷ ಆಯ್ತಪ್ಪ?” ಎಂದು ಪುಟ್ಟಲಿಂಗಮ್ಮ ಕೇಳಿದರು.

“ದೇಶ ನನ್ನ ದೊಡ್ಡ ಮಗಳಿಗಿಂತ ಚಿಕ್ಕದು, ಅಮ್ಮ.”

“ಅಯ್ಯೋ, ಹಾಲುಹಲ್ಲು ಬಿದ್ದಿಲ್ಲ ಇನ್ನೂ,” ಎಂದಳು ಚಾಮುಂಡೇಶ್ವರಿ.

ಇಮ್ಮಣ್ಣ ನಕ್ಕರು. “ಹಲ್ಲು ಇದೆ. ಅಗಿಯೋದಕ್ಕೆ ಬೇರೆಯವರ ಅಪ್ಪಣೆ ಬೇಕು.”

ಪುಟ್ಟಲಿಂಗಮ್ಮ ಅವರಿಂದ ಆ ದೇಶದ ಹೆಸರನ್ನು ಕಲಿತರು. ಅದೇನು ಸುಲಭದ ಹೆಸರಲ್ಲ. ಬಾಟಲಿ ತುಂಬುತ್ತ ಮಂತ್ರದ ಹಾಗೆ ಹೇಳಿಕೊಳ್ಳುತ್ತಿದ್ದರಂತೆ. ತಪ್ಪಿದರೆ ಇಮ್ಮಣ್ಣ ತಿದ್ದುತ್ತಿದ್ದರು. ಚೀಟಿಯಲ್ಲಿ ಆ ಹೆಸರಿನ ಮೇಲೆ ಹಾರುವ ಒಂದು ಕೊಕ್ಕರೆಯ ಚಿತ್ರವಿತ್ತು, ಅವರ ಸರ್ಕಾರದ ಗುರುತು. ಅದರ ಬಣ್ಣ ಸ್ವಲ್ಪ ಮಂಕಾಗಿದೆ ಎಂದು ಇಮ್ಮಣ್ಣ ಮತ್ತೆ ಅಚ್ಚು ಹಾಕಿಸಿದರು.

“ಒಂದು ಹಕ್ಕಿಗೆ ಇಷ್ಟು ಒದ್ದಾಡ್ತೀಯಲ್ಲಪ್ಪ,” ಎಂದಿದ್ದಕ್ಕೆ ಅವರು ಹೇಳಿದ ಮಾತನ್ನು ಪುಟ್ಟಲಿಂಗಮ್ಮ ನನಗೆ ಎಷ್ಟೋ ಮಂಗಳವಾರ ಹೇಳಿದ್ದಾರೆ. “ಅಮ್ಮ, ನಮ್ಮ ನೋಟು ಬೇರೆ ದೇಶದಲ್ಲಿ ಅಚ್ಚಾಗುತ್ತದೆ. ಅಕ್ಕಿ ಹಡಗಿನಲ್ಲಿ ಬರುತ್ತದೆ. ನಮ್ಮ ಮಣ್ಣಿನ ತಾಮ್ರ ಹೊರಗೆ ಹೋಗಿ ತಂತಿಯಾಗಿ ವಾಪಸ್ ಬರುತ್ತದೆ, ನಾವು ಅದನ್ನು ಕೊಳ್ಳುತ್ತೇವೆ. ಸಾಲ ಕೊಡುವವರು ಇದನ್ನು ಕೊಳ್ಳಿ, ಇವರಿಂದಲೇ ಕೊಳ್ಳಿ ಎನ್ನುತ್ತಾರೆ. ಈ ಶಾಯಿ ಮಾತ್ರ ನಾವು ಟೆಂಡರ್ ಕರೆದು, ನಾವೇ ನೋಡಿ ಆರಿಸಿದ್ದು.”

ಅರ್ಧದಷ್ಟು ಬಾಟಲಿಗಳನ್ನು ತುಂಬಿದ್ದಾಗ ಆರ್ಡರು ರದ್ದಾಯಿತು.

ಕಾರಣ ಹೇಳಿದವರೂ ಇಮ್ಮಣ್ಣನೇ. ಚುನಾವಣೆಯ ಖರ್ಚಿಗೆ ಸಾಲ ಕೊಡುವ ದೊಡ್ಡ ದೇಶವೊಂದು, ಶಾಯಿಯನ್ನು ತನ್ನ ದೇಶದ ಕಂಪನಿಯಿಂದಲೇ ಕೊಳ್ಳಬೇಕು ಎಂದು ಕರಾರು ಹಾಕಿತ್ತು. ಒಪ್ಪದಿದ್ದರೆ ಸಾಲವಿಲ್ಲ, ಸಾಲವಿಲ್ಲದಿದ್ದರೆ ಚುನಾವಣೆಯಿಲ್ಲ. ಸಿದ್ದಲಿಂಗಸ್ವಾಮಿಯವರು ಕೊಕ್ಕರೆಯ ಚೀಟಿಗಳ ಕಟ್ಟನ್ನು ಮುಂದಿಟ್ಟುಕೊಂಡು ಕೂತಿದ್ದರಂತೆ. ಹೆಂಗಸರಿಗೆ ರಜೆ ಕೊಟ್ಟರು. ದಿನಗೂಲಿಯವರಿಗೆ ರಜೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪುಟ್ಟಲಿಂಗಮ್ಮ ಆ ದಿನಗಳಲ್ಲೂ ಗುಡಿಗೆ ಹೂ ತರುವುದನ್ನು ತಪ್ಪಿಸಲಿಲ್ಲ. ಕನಕಾಂಬರದ ಬದಲು ಬೇಲಿಯ ಕಣಗಿಲೆ ತಂದರು, ಅಷ್ಟೇ.

ಒಂದು ತಿಂಗಳ ನಂತರ ಕೆಲಸಕ್ಕೆ ಕರೆ ಬಂತು. ಹೋಗಿ ನೋಡಿದರೆ ಅದೇ ಕಂದು ಬಾಟಲಿ, ಅದೇ ಶಾಯಿ. ಆ ದೊಡ್ಡ ದೇಶದ ಕಂಪನಿಗೆ ಶಾಯಿಯ ಕಾರ್ಖಾನೆಯೇ ಇರಲಿಲ್ಲ. ಅದು ಹುಡುಕಿಕೊಂಡು ಸಿದ್ದಲಿಂಗಸ್ವಾಮಿಯವರ ಬಳಿಗೇ ಬಂದಿತ್ತು. ಮೊದಲು ಒಪ್ಪಿದ್ದಕ್ಕಿಂತ ಕಡಿಮೆ ಬೆಲೆ, ಚೀಟಿಯ ಮೇಲೆ ಅವರ ಹೆಸರು. ಕೊಕ್ಕರೆ ಇಲ್ಲ.

ಆ ಕಂಪನಿಯ ಕಡೆಯಿಂದ ಬೆಂಗಳೂರಿನಿಂದ ಶಿವಪ್ರಕಾಶ್ ಎಂಬುವರು ಬಂದು ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕನ್ನಡದಲ್ಲೇ ಹೇಳಿದರು. “ನೋಡೀಮ್ಮ, ಇದು ಇಲ್ಲಿ ಆಗಿದ್ದು ಅಂತ ಎಲ್ಲೂ ಕಾಣಬಾರದು. ಬಾಟಲಿ ಮೇಲೆ, ಪೆಟ್ಟಿಗೆ ಮೇಲೆ ಒಂದು ಅಕ್ಷರ, ಒಂದು ಕಲೆ ಇರಕೂಡದು. ಇದ್ದರೆ ದಂಡ ಕಟ್ಟೋರು ನಿಮ್ಮ ಸಾಹುಕಾರರು.”

ಅವರು ಹೋದ ಮೇಲೆ ಸಿದ್ದಲಿಂಗಸ್ವಾಮಿಯವರು ಪುಟ್ಟಲಿಂಗಮ್ಮನವರ ಕಡೆ ನೋಡಿ, “ನಾನು ಕೊಟ್ಟ ಮಾತು ಹಾಗೇ ಇದೆ. ಲಾಭ ಕಮ್ಮಿ, ಆದ್ರೂ ಕಾಯಂ ಮಾಡ್ತೀನಿ. ಇದೊಂದು ಲೋಡು ಕ್ಷೇಮವಾಗಿ ಹೋಗ್ಲಿ,” ಎಂದರು.

ಚೀಟಿ ತಿದ್ದಲು ಇಮ್ಮಣ್ಣ ಮತ್ತೆ ಬಂದರು. ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. “ಇದು ಅದೇ.”

“ಅದೇ ಕಣಪ್ಪ. ಅದೇ ಶಾಯಿ, ಅದೇ ಬಾಟ್ಲಿ, ಅದೇ ನಾವು.”

“ಬೆಲೆ ಅದೇ ಅಲ್ಲ, ಅಮ್ಮ. ನಮ್ಮ ದೇಶ ಆ ಕಂಪನಿಗೆ ಮೂರು ಪಟ್ಟು ಕೊಡುತ್ತದೆ. ಆ ದುಡ್ಡು ಅವರ ದೇಶ ಕೊಟ್ಟ ಸಾಲ.”

ಚಾಮುಂಡೇಶ್ವರಿ ಬಿರಡೆ ಹಾಕುವುದನ್ನು ನಿಲ್ಲಿಸಿದಳು. “ಅಂದ್ರೆ ಅವ್ರ ದುಡ್ಡು ಸುತ್ಕೊಂಡು ಅವ್ರ ಜೇಬಿಗೇ ಹೋಯ್ತು, ಸಾಲ ಮಾತ್ರ ನಿಮ್ ತಲೆ ಮೇಲೆ ಕೂತ್ಕೊಂತು. ನಮ್ ಬೀದಿ ಬಡ್ಡಿ ಲಕ್ಷ್ಮಕ್ಕನೇ ವಾಸಿ ಕಣಣ್ಣ. ಅವ್ಳು ದುಡ್ಡು ಕೊಟ್ಟು ಇಂಥಾ ಅಂಗ್ಡೀಲೇ ಬೇಳೆ ತಕೋ ಅನ್ನಾಕಿಲ್ಲ.”

“ಹೇಳ್ಬಾರ್ದೇನಪ್ಪ ನಿಮ್ಮೋರಿಗೆ?” ಎಂದರು ಪುಟ್ಟಲಿಂಗಮ್ಮ.

ಇಮ್ಮಣ್ಣ ಬಾಟಲಿಯನ್ನು ಅದರ ಸಾಲಿನಲ್ಲಿ ಸರಿಯಾಗಿ ಇಟ್ಟರು. “ನಾನು ಹೇಳಿದರೆ ನನ್ನ ಸ್ಕಾಲರ್‌ಶಿಪ್ ನಿಲ್ಲುತ್ತದೆ. ಅದೂ ಅದೇ ಸಾಲದಿಂದ ಬರುತ್ತದೆ, ಅಮ್ಮ.”

ಲೋಡು ಹೊರಟದ್ದು ಒಂದು ಶುಕ್ರವಾರ. ಬಿಳಿಯ ರಟ್ಟಿನ ಪೆಟ್ಟಿಗೆಗಳು, ಮೈಮೇಲೆ ಏನೂ ಇಲ್ಲ. ಲಾರಿಯ ಚಂದ್ರು ಹಿಂಬಾಗಿಲು ತೆಗೆದು ನಿಂತಿದ್ದ. ಎಲ್ಲರೂ ಅಭ್ಯಾಸದಂತೆ ಪುಟ್ಟಲಿಂಗಮ್ಮನವರ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಮೊದಲ ಪೆಟ್ಟಿಗೆಗೆ ಅಂಟುಪಟ್ಟಿ ಹಾಕುವುದು ಬಾಕಿಯಿತ್ತು.

ಮುಂದಿನದನ್ನು ಅವರ ಮಾತಿನಲ್ಲೇ ಹೇಳುತ್ತೇನೆ. “ಬರೀ ಹಣೇಲಿ ಮಗಳನ್ನ ಗಂಡನ ಮನೆಗೆ ಕಳಿಸ್ದಂಗೆ ಅನ್ನಿಸ್ತು ಕಣಮ್ಮ. ಹೊರಗಡೆ ಕಾಣ್ಬಾರ್ದು ಅಂದಿದ್ರು. ಸರಿ, ಹೊರಗಡೆ ಇಡಾಕಿಲ್ಲ. ರಟ್ಟು ಮಡಿಚ್ತಾರಲ್ಲ, ಆ ಒಳಮಡಿಕೇಲಿ ಒಂದು ಸಣ್ಣ ಬೊಟ್ಟು ಇಟ್ಟೆ. ಎರಡು ಕಾಳು ಅಕ್ಷತೆ. ದೇಶದ ಹೆಸರು ಹೇಳ್ದೆ, ಆ ಜನಕ್ಕೆ ಒಳ್ಳೇದು ಮಾಡು ಅಂದೆ, ಮಡಿಚಿ ಪಟ್ಟಿ ಹಾಕ್ದೆ. ನನಗೂ ತಾಯಿಗೂ ಬಿಟ್ರೆ ಯಾರಿಗೆ ಗೊತ್ತಾಯ್ತದೆ ಅಂದ್ಕೊಂಡೆ. ತೆಗೆಯೋರು ಒಳಗಿನ ಬಾಟ್ಲಿ ನೋಡ್ತಾರೆ, ರಟ್ಟು ಯಾಕ್ ನೋಡ್ತಾರೆ?”

ಆ ದೇಶದ ರಾಜಧಾನಿಯಲ್ಲಿ ಚುನಾವಣೆಯ ಅಧಿಕಾರಿಗಳು ಮೊದಲ ಪೆಟ್ಟಿಗೆಯನ್ನು ಪತ್ರಿಕೆಯವರ ಮುಂದೆ, ಕ್ಯಾಮೆರಾದ ಮುಂದೆ ತೆರೆದರು. ಮೊದಲ ಚುನಾವಣೆಯಲ್ಲವೇ, ಅವರಿಗೂ ಸಂಭ್ರಮ. ಬಿಳಿಯ ರಟ್ಟು ಅಗಲವಾಗಿ ತೆರೆದುಕೊಂಡಾಗ ಒಳಮಡಿಕೆಯಲ್ಲಿ ಕೆಂಪು ಬೊಟ್ಟು, ಅದಕ್ಕೆ ಅಂಟಿದ ಅರಿಶಿನದ ಅಕ್ಕಿ. ರಕ್ತವೇನೋ ಎಂದು ಒಬ್ಬರು ಹಿಂದಕ್ಕೆ ಸರಿದರಂತೆ. ಪತ್ರಿಕೆಯಲ್ಲಿ ಚಿತ್ರ ಬಂತು. ಆ ಊರಿನಲ್ಲಿ ಬಟ್ಟೆಯಂಗಡಿ ಇಟ್ಟಿರುವ ಗುಜರಾತಿನವರೊಬ್ಬರು ಅದನ್ನು ನೋಡಿ, ಇದು ಪೂಜೆ ಮಾಡಿದ ಪೆಟ್ಟಿಗೆ, ನಮ್ಮ ಇಂಡಿಯಾದಿಂದ ಬಂದದ್ದು ಎಂದರು. ಪತ್ರಿಕೆಯವರು ಹುಡುಕುತ್ತ ಹೋದರೆ ಹಳೆಯ ಟೆಂಡರು ಸಿಕ್ಕಿತು, ರದ್ದಾದ ಮೈಸೂರಿನ ಬೆಲೆ ಸಿಕ್ಕಿತು. ಅದೇ ಶಾಯಿಗೆ ಮೂರು ಪಟ್ಟು ಏಕೆ ಕೊಟ್ಟಿರಿ ಎಂದು ದೊಡ್ಡ ಅಕ್ಷರದಲ್ಲಿ ಬರೆದರು.

ಇಮ್ಮಣ್ಣ ಒಂದು ಡಬ್ಬಿ ಮೈಸೂರುಪಾಕು ಹಿಡಿದುಕೊಂಡು ಶೆಡ್ಡಿಗೆ ಓಡಿ ಬಂದರು. ಫೋನಿನಲ್ಲಿ ಆ ಚಿತ್ರವನ್ನು ತೋರಿಸಿ, “ಯಾರು ಇದು? ಯಾರ ಬೆರಳು?” ಎಂದು ನಗುತ್ತ ಕೇಳಿದರು. ಹೆಂಗಸರು ಸುತ್ತ ನೆರೆದರು. ಪುಟ್ಟಲಿಂಗಮ್ಮ ತಮ್ಮ ಬೊಟ್ಟನ್ನು ತಾವೇ ಗುರುತು ಹಿಡಿದು, ಕೂತಿದ್ದ ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ನಾನು ಹೇಳಲಾಗದ್ದನ್ನು ನೀವು ಹೇಳಿದಿರಿ, ಅಮ್ಮ. ನಮ್ಮ ಜನಕ್ಕೆಲ್ಲ ಗೊತ್ತಾಯಿತು,” ಎಂದು ಇಮ್ಮಣ್ಣ ಅವರ ಕೈಗೆ ಮೈಸೂರುಪಾಕು ಇಟ್ಟರು. ಆಗಲೇ ಒಳಗಿನ ಕೋಣೆಯಲ್ಲಿ ಸಿದ್ದಲಿಂಗಸ್ವಾಮಿಯವರ ಫೋನು ರಿಂಗಾಗುತ್ತಿತ್ತು. ಆ ತುಂಡನ್ನು ತಿನ್ನಲೂ ಆಗದೆ, ಬಿಸಾಡಲೂ ಆಗದೆ ಸಂಜೆಯವರೆಗೆ ಸೆರಗಿನಲ್ಲಿ ಕಟ್ಟಿಕೊಂಡಿದ್ದೆ ಎಂದು ಅವರು ನನಗೆ ಹೇಳಿದರು.

ಕಂಪನಿ ಕೊಡಬೇಕಾದ ಹಣವನ್ನು ತಡೆಹಿಡಿಯಿತು. ಶಿವಪ್ರಕಾಶ್ ಮಾರನೆಯ ದಿನವೇ ಬಂದು, ಇಟ್ಟವರು ಯಾರೆಂದು ತಿಳಿದು ಅವರನ್ನು ತೆಗೆಯದಿದ್ದರೆ ಉಳಿದ ಹಣವೂ ಇಲ್ಲ, ಮುಂದಿನ ಕೆಲಸವೂ ಇಲ್ಲ ಎಂದರು.

ಸಿದ್ದಲಿಂಗಸ್ವಾಮಿಯವರು ಹೆಂಗಸರನ್ನು ಕರೆದರು. ಇಟ್ಟವರು ಯಾರೆಂದು ಕೇಳಿದರು. ಚಾಮುಂಡೇಶ್ವರಿ, “ಎಲ್ರೂ ಸೇರಿ ಇಟ್ವಿ ಸಾರ್,” ಎಂದಳು.

“ಒಂದು ಬೊಟ್ಟನ್ನ ಆರು ಜನ ಹೆಂಗಮ್ಮ ಇಡ್ತೀರಿ?” ಎಂದರು ಶಿವಪ್ರಕಾಶ್.

“ನಾನೇ ಸಾರ್,” ಎಂದರು ಪುಟ್ಟಲಿಂಗಮ್ಮ.

ಸಿದ್ದಲಿಂಗಸ್ವಾಮಿಯವರು ಅವರ ಕಡೆ ತಿರುಗಿದರು. “ಅಷ್ಟು ಹೇಳಿದ್ರೂ ನಿಮಗೆ ತಿಳೀಲಿಲ್ವೇನ್ರೀ,” ಎಂದರು.

“ನೀವೇ ಹೇಳ್ಕೊಟ್ಟಿದ್ದು ಸಾರ್. ಕುಂಕುಮ ಇಡ್ದೆ ಪೆಟ್ಟಿಗೆ ಎತ್ತಬೇಡಿ ಅಂತ.”

“ಆವಾಗ ಪೆಟ್ಟಿಗೆ ನಂದಾಗಿತ್ತು,” ಎಂದರು ಅವರು.

ಅವತ್ತೇ ಪುಟ್ಟಲಿಂಗಮ್ಮನವರ ಲೆಕ್ಕ ಮುಗಿಸಿದರು. ಇಷ್ಟಕ್ಕೇ ನಿಲ್ಲಲಿಲ್ಲ. ಪ್ಯಾಕಿಂಗ್ ಕೋಣೆಯಲ್ಲಿ ಕ್ಯಾಮೆರಾ ಬರಬೇಕು, ಗೋಡೆಯ ಮೇಲೆ ಏನೂ ಇರಬಾರದು ಎಂದು ಕಂಪನಿಯ ಅಪ್ಪಣೆಯಾಯಿತು. ಸಿದ್ದಲಿಂಗಸ್ವಾಮಿಯವರು ಚಾಮುಂಡಿಯ ಪಟವನ್ನು ಇಳಿಸಿ, ಪಂಚೆಯ ಅಂಚಿನಿಂದ ಧೂಳು ಒರೆಸಿ, “ಎಲ್ಲೋ ಮೂಲೇಲಿ ಇಡೋಕೆ ಮನಸ್ಸಿಲ್ಲ. ನಿಮ್ಮ ಮನೇಲಿರ್ಲಿ,” ಎಂದು ಅವರ ಕೈಗೇ ಕೊಟ್ಟರು. ಪಟವನ್ನು ಎದೆಗೆ ಅವಚಿಕೊಂಡು ಅವರು ಬಸ್ಸಿನಿಂದ ಇಳಿದದ್ದನ್ನು ನಾನು ನೋಡಿದೆ. ಏನೋ ಬಹುಮಾನ ಬಂದಿರಬೇಕು ಎಂದುಕೊಂಡೆ.

ಉಳಿದ ಹೆಂಗಸರನ್ನು ಕಾಯಂ ಮಾಡುವ ಮಾತೂ ಹೋಯಿತು. ಎಲ್ಲರನ್ನೂ ಒಬ್ಬ ಕಂಟ್ರಾಕ್ಟರನ ಕೆಳಗೆ ಹಾಕಿದರು.

ಅತ್ತ ಆ ದೇಶದಲ್ಲಾದರೂ ಒಳ್ಳೆಯದಾಯಿತೇ ಎಂದರೆ ಅದೂ ಇಲ್ಲ. ಪ್ರಶ್ನೆ ಕೇಳುವುದಾದರೆ ಸಾಲದ ಎರಡನೆಯ ಕಂತು ಬರುವುದಿಲ್ಲ ಎಂದು ಸಾಲ ಕೊಟ್ಟವರು ತಿಳಿಸಿದರು. ಸರ್ಕಾರವೇ ಮುಂದೆ ಬಂದು, ಕಂಪನಿಯದೇನೂ ತಪ್ಪಿಲ್ಲ ಎಂದಿತು. ಪತ್ರಿಕೆ ಕ್ಷಮೆ ಕೇಳಿ ನಾಲ್ಕು ಸಾಲು ಹಾಕಿತು. ಚುನಾವಣೆ ಆ ಶಾಯಿಯಲ್ಲೇ ನಡೆಯಿತು. ಇಮ್ಮಣ್ಣನ ಹೆಂಡತಿ ತಮ್ಮ ಬೆರಳಿನ ಚಿತ್ರ ಕಳಿಸಿದ್ದರು. ಅದನ್ನು ತೋರಿಸಲು ಇಮ್ಮಣ್ಣ ಕುಂಬಾರಕೊಪ್ಪಲಿನ ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ಪುಟ್ಟಲಿಂಗಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, “ಸರಿಯಾಗಿ ಹತ್ಕೊಂಡದೆ,” ಎಂದರು.

ಅವರ ಕೆಲಸ ಹೋದದ್ದು ಇಮ್ಮಣ್ಣನಿಗೆ ಗೊತ್ತಾದದ್ದು ಆಗಲೇ. ಆ ಎತ್ತರದ ಮನುಷ್ಯ ಪಟದ ಕೆಳಗೆ ಮೊಣಕಾಲು ಮಡಿಚಿಕೊಂಡು ಕೂತುಬಿಟ್ಟರು. “ನಾನು ಸಿಹಿ ತಂದೆ ಅವತ್ತು,” ಎಂದರು. ಮಹದೇವಣ್ಣ ಮಂಚದ ಮೇಲಿನಿಂದಲೇ, “ಗೆದ್ದೋರ್ಯಾರಪ್ಪ ನಿಮ್ಮಲ್ಲಿ?” ಎಂದು ಕೇಳಿದರು.

“ಸಾಲ ಕೊಟ್ಟವರು,” ಎಂದರು ಇಮ್ಮಣ್ಣ.

ಪುಟ್ಟಲಿಂಗಮ್ಮ ಈಗ ಒಂದು ಕಲ್ಯಾಣಮಂಟಪದಲ್ಲಿ ಪಾತ್ರೆ ತೊಳೆಯುತ್ತಾರೆ. ಮದುವೆಯಿದ್ದರೆ ಕೆಲಸ, ಆಷಾಢದಲ್ಲಿ ಇಲ್ಲ. ಹರಕೆಯ ಮಾತು ನಾನು ಎತ್ತುವುದಿಲ್ಲ. ಬೆಟ್ಟದ ತಾಯಿಯ ಮೇಲೆ ನನಗಿರುವ ನಂಬಿಕೆ ಸಣ್ಣದಲ್ಲ. ಆದರೂ ಆ ಪಟದ ಮುಂದೆ ಕೂತಾಗ ನನಗೆ ಬೇಡಿಕೊಳ್ಳಲು ಮಾತು ಸಿಗುವುದಿಲ್ಲ.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಲಾರಿಯ ಚಂದ್ರು ಅವರ ಮನೆಗೆ ಬಂದ. “ಅಕ್ಕ, ಸಾಹುಕಾರ್ರು ಕರೀತಾವ್ರೆ. ಕುಂಕುಮದ ಭರಣಿ ತಕ್ಕೊಂಡ್ ಬರ್ಬೇಕಂತೆ,” ಎಂದ. ನಾನೂ ಜೊತೆಗೆ ಹೋದೆ.

ಶೆಡ್ಡಿನ ಗೇಟಿಗೆ ಕ್ಯಾಮೆರಾ ಇದೆ. ಅದರ ಕಣ್ಣಿಗೆ ಬೀಳದ ಹಾಗೆ, ರಸ್ತೆಯ ತಿರುವಿನಲ್ಲಿ ಹೊಂಗೆಮರದ ಕೆಳಗೆ ಲಾರಿ ನಿಲ್ಲಿಸಿದ್ದರು. ತುಂಬ ಬಿಳಿಯ ಪೆಟ್ಟಿಗೆಗಳು. ಸಿದ್ದಲಿಂಗಸ್ವಾಮಿಯವರು ಒಬ್ಬರೇ ನಡೆದು ಬಂದರು. ಅವರ ಹಣೆಯಲ್ಲಿ ವಿಭೂತಿ ಇರಲಿಲ್ಲ. ಕಂಪನಿಯವರು ಆಗಾಗ ವಿಡಿಯೊದಲ್ಲಿ ಮಾತಾಡುತ್ತಾರೆ, ಅದಕ್ಕೇ ಎಂದು ಚಂದ್ರು ಆಮೇಲೆ ಹೇಳಿದ.

“ಎರಡು ಲೋಡು ಹಾಗೇ ಕಳಿಸ್ದೆ, ಪುಟ್ಟಲಿಂಗಮ್ಮ. ಮನಸ್ಸಿಗೆ ಸಮಾಧಾನ ಇಲ್ಲ,” ಎಂದರು. “ಪೆಟ್ಟಿಗೆ ಮುಟ್ಟೋದು ಬೇಡ. ಚಕ್ರಕ್ಕೆ ಒಂದು ಬೊಟ್ಟು ಇಡಿ, ಸಾಕು. ಒಂದನೇ ತಾರೀಕಿಂದ ಕೆಲಸಕ್ಕೆ ಬನ್ನಿ. ಕಂಟ್ರಾಕ್ಟರಿಗೆ ಹೇಳಿದ್ದೀನಿ. ಇಎಸ್‌ಐ ಅವನ ಕಡೆಯಿಂದ ಮಾಡಿಸ್ತೀನಿ, ಮಹದೇವನ ಆಪರೇಷನ್ ಆಗ್ಲಿ.”

ನನ್ನ ಎದೆ ಹಗುರಾಯಿತು. ಪುಟ್ಟಲಿಂಗಮ್ಮ ಭರಣಿ ತೆರೆದು, ಉಂಗುರದ ಬೆರಳಿಗೆ ಕುಂಕುಮ ಹಚ್ಚಿಕೊಂಡು, ಚಕ್ರದ ಮುಂದೆ ಬಗ್ಗಿದರು. “ತಾಯಿ, ಇದು…” ಎಂದು ನಿಂತರು. ತಲೆ ಎತ್ತಿ ಕೇಳಿದರು: “ಯಾವ ದೇಶಕ್ಕೆ ಸಾರ್?”

“ಗೊತ್ತಿಲ್ಲ. ನನಗೂ ಹೇಳೋದಿಲ್ಲ ಅವರು. ಬಂದರಿನವರೆಗೆ ಮಾತ್ರ ನಮ್ಮ ಕಾಗದ.”

“ಯಾವ್ದೋ ಒಂದು ದೇಶ, ಇಟ್ಬುಡಕ್ಕ,” ಎಂದ ಚಂದ್ರು. “ಓಟು ಹಾಕೋ ಜನ ಎಲ್ಲೋ ಅವ್ರೆ ತಾನೆ?”

ಅವರು ಬಗ್ಗಿದಲ್ಲೇ ಇದ್ದರು. ಇಮ್ಮಣ್ಣನ ದೇಶದ ಹೆಸರು ಬಾಯಿಗೆ ಬಂತು ಎಂದು ಆಮೇಲೆ ನನಗೆ ಹೇಳಿದರು. ಅಷ್ಟು ಕಷ್ಟಪಟ್ಟು ಕಲಿತದ್ದು ಅದೊಂದೇ. ಆದರೆ ಈ ಲಾರಿ ಹೋಗುವುದು ಅಲ್ಲಿಗಲ್ಲವಲ್ಲ.

“ಹೆಸರು ಗೊತ್ತಿಲ್ದೆ ಯಾರಿಗೆ ಒಳ್ಳೇದು ಮಾಡು ಅಂತ ಕೇಳ್ಲಿ ಸಾರ್?” ಎಂದರು. “ಆ ಕಂಪನಿಗಾ?”

ಸಿದ್ದಲಿಂಗಸ್ವಾಮಿಯವರ ಕೈ ಹಣೆಗೆ ಹೋಯಿತು, ಅಲ್ಲಿ ಏನೂ ಇಲ್ಲದ್ದು ನೆನಪಾದಂತೆ ಕೆಳಗಿಳಿಯಿತು. ಪುಟ್ಟಲಿಂಗಮ್ಮ ಬೆರಳಿನ ಕುಂಕುಮವನ್ನು ಭರಣಿಯ ಅಂಚಿಗೆ ಒರೆಸಿ, ಮುಚ್ಚಳ ಹಾಕಿ, ಮೊಣಕಾಲ ಮೇಲೆ ಕೈಯೂರಿ ಎದ್ದರು. ನಾವು ಬಸ್ ನಿಲ್ದಾಣ ಮುಟ್ಟುವ ಮೊದಲೇ ಲಾರಿ ನಮ್ಮನ್ನು ದಾಟಿ ಹೋಯಿತು.

ಒಂದನೇ ತಾರೀಕಿಗೆ ಕಂಟ್ರಾಕ್ಟರು ಬೇರೆಯವರನ್ನು ತೆಗೆದುಕೊಂಡ. ನಡೆದದ್ದನ್ನು ಚಂದ್ರುವಿನ ಬಾಯಲ್ಲಿ ಕೇಳಿದ ಮಹದೇವಣ್ಣ ಎಷ್ಟೋ ದಿನ ಹೆಂಡತಿಯೊಡನೆ ಮಾತಾಡಲಿಲ್ಲ. ಈಗಲೂ ಹಿತ್ತಲಿಗೆ ಹೋಗುವಾಗ ಪುಟ್ಟಲಿಂಗಮ್ಮ ತೋಳು ಕೊಡಲು ಬಂದರೆ, ಅದನ್ನು ಬಿಟ್ಟು ಗೋಡೆಯನ್ನೇ ಹಿಡಿದುಕೊಳ್ಳುತ್ತಾರೆ.